ವಾರ್ಡಿನಲ್ಲಿ ಪಾಠ ಮಾಡುವುದು: ಹೊಸ ನರ್ಸಿಂಗ್ ಟ್ಯೂಟರ್‌ಗಳನ್ನು ತಯಾರು ಮಾಡುವ ಬಗೆ

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಮುಂದೆ ಬೆಳಗ್ಗೆ ಏಳೂಕಾಲಿಗೆ ನಿಂತರೆ ನರ್ಸಿಂಗ್ ಕಾಲೇಜಿನ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುವುದು ಕಾಣುತ್ತದೆ. ಮಕ್ಕಳ, ಅಂದರೆ ವಿದ್ಯಾರ್ಥಿಗಳ, ಜೊತೆಗೆ ಅವರಿಗೆ ವಾರ್ಡಿನಲ್ಲಿ ಪಾಠ ಹೇಳುವ ಒಬ್ಬ ಟ್ಯೂಟರ್ ಇಳಿಯುತ್ತಾರೆ. ಹಾಜರಿ ತೆಗೆದುಕೊಳ್ಳುತ್ತಾರೆ, ಬೆಡ್ ಹಂಚುತ್ತಾರೆ. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಿ.ಎಸ್ಸಿ. ಮುಗಿಸಿ ವಾರ್ಡಿನಲ್ಲಿ ಒಂದೋ ಎರಡೋ ವರ್ಷ ಕೆಲಸ ಮಾಡಿದವರಿಗೆ ರೋಗಿಯನ್ನು ನೋಡಿಕೊಳ್ಳುವುದು ಚೆನ್ನಾಗಿ ಬರುತ್ತದೆ. ರೋಗಿಯನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ಬೇರೆಯದೇ ಕೆಲಸ. ಆ ತಯಾರಿ ಇಲ್ಲದ ಟ್ಯೂಟರ್ ವಾರದೊಳಗೆ ಎರಡರಲ್ಲಿ ಒಂದು ಆಗಿಬಿಡುತ್ತಾರೆ: ವಾರ್ಡಿನ ಸಿಸ್ಟರಿಗೆ ಸಂಬಳವಿಲ್ಲದ ಸಹಾಯಕಿ, ಇಲ್ಲವೇ ನರ್ಸಿಂಗ್ ಸ್ಟೇಷನ್ನಿನ ಮೂಲೆಯಲ್ಲಿ ಕೂತು ಕೇರ್ ಪ್ಲಾನ್ (ರೋಗಿಯ ಆರೈಕೆಗೆ ವಿದ್ಯಾರ್ಥಿಗಳು ಬರೆಯುವ ಯೋಜನೆ) ತಿದ್ದುವ ಗುಮಾಸ್ತೆ.

ಕಾಲೇಜಿನ ಹಿರಿಯ ಬೋಧಕರು ಹೊಸ ಟ್ಯೂಟರ್‌ಗಳನ್ನು ನಾಲ್ಕು ವಾರದಲ್ಲಿ ತಯಾರು ಮಾಡುವ ಕ್ರಮ ಇಲ್ಲಿದೆ. ತಮ್ಮನ್ನು ತಾವೇ ತಯಾರು ಮಾಡಿಕೊಳ್ಳಬೇಕಾದ ಟ್ಯೂಟರ್‌ಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ನಿಮಿಷಗಳ ಲೆಕ್ಕ

ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮ 2021ರಿಂದ ಸೆಮಿಸ್ಟರ್ ಪದ್ಧತಿಗೆ ಬಂದಿದೆ. ಅದರಲ್ಲಿ ಥಿಯರಿಯ ಒಂದು ಕ್ರೆಡಿಟ್ಟಿಗೆ (ಕಲಿಕೆಯನ್ನು ಅಳೆಯುವ ಘಟಕಕ್ಕೆ) 20 ಗಂಟೆ, ಲ್ಯಾಬಿನದಕ್ಕೆ 40 ಗಂಟೆ, ಕ್ಲಿನಿಕಲ್‌ನದಕ್ಕೆ (ಅಂದರೆ ವಾರ್ಡಿನ ಕಲಿಕೆಗೆ) 80 ಗಂಟೆ. ಒಬ್ಬ ಬೋಧಕರಿಗೆ ಹತ್ತು ವಿದ್ಯಾರ್ಥಿಗಳು. ಕ್ಲಿನಿಕಲ್ ಹಾಜರಿ ಪದವಿ ಕೈಗೆ ಬರುವುದರೊಳಗೆ ನೂರಕ್ಕೆ ನೂರು ಆಗಿರಬೇಕು. ಇದಿಷ್ಟು ಎಲ್ಲರಿಗೂ ಬಾಯಿಪಾಠ. ಈ ಅಂಕಿಗಳು ಒಂದು ಬೆಳಗಿನಲ್ಲಿ ಏನಾಗುತ್ತವೆ ಎಂದು ಕೂತು ಲೆಕ್ಕ ಹಾಕಿದವರು ಮಾತ್ರ ಕಡಿಮೆ.

ಹೊಸ ಟ್ಯೂಟರ್ ಕೈಗೆ ಕಾಗದ ಕೊಟ್ಟು ಬರೆಸಿ. ಏಳೂವರೆಯಿಂದ ಒಂದೂವರೆಯವರೆಗೆ 360 ನಿಮಿಷ. ಹ್ಯಾಂಡೋವರ್‌ಗೆ (ಹಿಂದಿನ ಪಾಳಿಯವರು ರೋಗಿಗಳನ್ನು ಒಪ್ಪಿಸುವುದಕ್ಕೆ) 30, ಕೆಲಸ ಶುರುವಾಗುವ ಮುಂಚಿನ ಮಾತಿಗೆ 20, ಟೀಗೆ 20, ಕೊನೆಯ ಚರ್ಚೆಗೆ 30. ಉಳಿಯುವುದು 260. ಹತ್ತು ಮಕ್ಕಳಿಗೆ ಹಂಚಿದರೆ ತಲೆಗೆ 26 ನಿಮಿಷ. ಅದರಲ್ಲೂ ಡಾಕ್ಟರ ರೌಂಡ್ಸ್ ಬಂದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಅಂದರೆ ಎಲ್ಲರನ್ನೂ ಎಲ್ಲ ಹೊತ್ತೂ ನೋಡಲು ಆಗುವುದೇ ಇಲ್ಲ. ಯಾವ ಕೆಲಸವನ್ನು ಕಣ್ಣಾರೆ ನೋಡಲೇಬೇಕು, ಯಾವುದನ್ನು ವಾರ್ಡಿನ ಸಿಸ್ಟರಿಗೆ ಒಪ್ಪಿಸಬಹುದು, ಯಾವುದನ್ನು ಇಬ್ಬರು ಮಕ್ಕಳು ಜೊತೆಯಾಗಿ ಮಾಡಿಕೊಳ್ಳಬಹುದು ಎಂದು ಹಿಂದಿನ ದಿನವೇ ತೀರ್ಮಾನವಾಗಿರಬೇಕು. ಟ್ಯೂಟರ್ ತಯಾರಿಯ ಬಹುಪಾಲು ಈ ತೀರ್ಮಾನದ ಅಭ್ಯಾಸವೇ. ಮೊದಲ ಗುಂಪಿಗೆ ಸೇರುವುದು: ಚರ್ಮ ದಾಟುವ ಎಲ್ಲ ಕೆಲಸ, ಬಾಯಿಯಿಂದಾಗಲಿ ಸೂಜಿಯಿಂದಾಗಲಿ ಒಳಗೆ ಹೋಗುವ ಎಲ್ಲ ಔಷಧ, ಯಾವುದೇ ಟ್ಯೂಬಿನ ಕೆಲಸ, ಮತ್ತು ಯಾವ ಪ್ರೊಸೀಜರ್ ಆದರೂ ಆ ವಿದ್ಯಾರ್ಥಿ ರೋಗಿಯ ಮೇಲೆ ಮೊದಲ ಸಲ ಮಾಡುವುದು. ಬೆಡ್ ಮೇಕಿಂಗ್ ಮೊದಲ ವಾರ ದಾಟಿದ ಮೇಲೆ ಮೂರನೇ ಗುಂಪಿಗೆ.

ಮೊದಲ ವಾರ: ಮಕ್ಕಳಿಲ್ಲದೆ ವಾರ್ಡಿಗೆ

ಹೊಸ ಟ್ಯೂಟರ್ ಮೊದಲ ಎರಡು ಪೂರ್ತಿ ಶಿಫ್ಟ್ ಒಬ್ಬರೇ ವಾರ್ಡಿನಲ್ಲಿರಲಿ. ಕಾಲೇಜಿನವರು ಇದನ್ನು ದಂಡದ ದಿನ ಎಂದುಕೊಂಡು ಮೊದಲು ಕತ್ತರಿಸುವುದು ಇದನ್ನೇ. ಕತ್ತರಿಸಿದರೆ ಮೂರನೇ ದಿನ ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿದೆ ಎಂದು ವಿದ್ಯಾರ್ಥಿ ಕೇಳಿದಾಗ ಟ್ಯೂಟರ್ ಸಿಸ್ಟರ್ ಮುಖ ನೋಡುತ್ತಾರೆ. ಆ ಕ್ಷಣಕ್ಕೆ ಮಕ್ಕಳ ಮುಂದೆ ಅವರ ಮಾತಿನ ತೂಕ ಹೋಯಿತು.

ಆ ಎರಡು ಶಿಫ್ಟಿನಲ್ಲಿ ಕಣ್ಣಾರೆ ನೋಡಿ ಬರೆದುಕೊಳ್ಳಬೇಕಾದ್ದು: ಕ್ರ್ಯಾಶ್ ಕಾರ್ಟ್ (ತುರ್ತು ಔಷಧ, ಸಾಮಾನಿನ ಗಾಡಿ) ಎಲ್ಲಿದೆ, ಅದರ ಬೀಗ ಯಾರ ಬಳಿ, ಕಫ ಎಳೆಯುವ ಸಕ್ಷನ್ ಯಂತ್ರ ಯಾವ ಪ್ಲಗ್ಗಿನಲ್ಲಿ ಓಡುತ್ತದೆ, ಕಸದ ಡಬ್ಬಿಗಳು ಎಲ್ಲಿವೆ, ಯಾವುದಕ್ಕೆ ಏನು ಬೀಳುತ್ತಿದೆ, ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕು, ಆಗ ಕೊಡುವ ಎಚ್.ಐ.ವಿ. ತಡೆ ಔಷಧದ ಕಿಟ್ ರಾತ್ರಿ ಎಲ್ಲಿ ಸಿಗುತ್ತದೆ, ಕೇಸ್ ಶೀಟಿನಲ್ಲಿ ವಿದ್ಯಾರ್ಥಿಗಳು ಬರೆಯಬಹುದೇ, ಬರೆದರೆ ಕೆಳಗೆ ಯಾರ ಸಹಿ. ಕಸದ ಬಣ್ಣಗಳು 2016ರ ಆಸ್ಪತ್ರೆ ತ್ಯಾಜ್ಯ ನಿಯಮದ ಪ್ರಕಾರ ಎಲ್ಲ ಕಡೆ ಒಂದೇ. ರಕ್ತ ಅಂಟಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಡ್ರಿಪ್ ಸೆಟ್, ಕ್ಯಾಥೆಟರ್ (ಮೂತ್ರದ ನಳಿಕೆ), ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಗಟ್ಟಿ ಡಬ್ಬಿಗೆ. ಗಾಜಿನ ಔಷಧ ಸೀಸೆಗಳಾದ ವಯಲ್, ಆಂಪ್ಯೂಲ್ ನೀಲಿಗೆ. ನಿಯಮ ಒಂದೇ ಆದರೂ ಡಬ್ಬಿ ಇಟ್ಟ ಜಾಗ ಒಂದಲ್ಲ. ವಿದ್ಯಾರ್ಥಿ ತಪ್ಪು ಡಬ್ಬಿಗೆ ಹಾಕುವುದು ಬಣ್ಣ ಮರೆತು ಅಲ್ಲ, ಸರಿಯಾದ ಡಬ್ಬಿ ಹತ್ತು ಹೆಜ್ಜೆ ದೂರ ಇದ್ದುದರಿಂದ.

ಇದೇ ವಾರ ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಒಂದು ಪುಟದ ಒಪ್ಪಂದ ಬರೆಯಬೇಕು. ಮಕ್ಕಳು ಏನು ಮಾಡಬಹುದು, ಏನು ಕೂಡದು; ಟ್ಯೂಟರ್ ಇನ್ನೊಂದು ಬೆಡ್ಡಿನಲ್ಲಿದ್ದಾಗ ಯಾವ ಸಿಸ್ಟರನ್ನು ಕೇಳಬೇಕು; ಸಾಮಾನು ಖಾಲಿಯಾದರೆ ಯಾರ ಲೆಕ್ಕ. ಕೊನೆಯದು ಸಣ್ಣ ವಿಷಯದಂತೆ ಕಾಣುತ್ತದೆ. ವಾರ್ಡಿನವರಿಗೂ ಕಾಲೇಜಿನವರಿಗೂ ಮನಸ್ತಾಪ ಬರುವುದು ಹೆಚ್ಚಾಗಿ ಇಲ್ಲೇ: ಹತ್ತು ಮಕ್ಕಳು ಹತ್ತು ಜೊತೆ ಗ್ಲೌಸ್ ತೆಗೆದು, ಎರಡು ಹರಿದು, ಮತ್ತೆರಡು ತೆಗೆದರೆ ಸಿಸ್ಟರ್ ಇಂಡೆಂಟ್ (ತಿಂಗಳಿಗೆಂದು ತರಿಸಿದ ಸಾಮಾನು) ತಿಂಗಳ ಮಧ್ಯಕ್ಕೇ ಮುಗಿಯುತ್ತದೆ. ಅಭ್ಯಾಸದ ಗ್ಲೌಸು, ಹತ್ತಿ, ಸಿರಿಂಜು ಕಾಲೇಜಿನಿಂದಲೇ ಒಂದು ಡಬ್ಬಿಯಲ್ಲಿ ಬರಲಿ.

ಬೆಂಗಳೂರಿನ ಭಾಗ್ಯ ಏನೆಂದರೆ ಎಲ್ಲ ಬಗೆಯ ಪೋಸ್ಟಿಂಗೂ (ವಿದ್ಯಾರ್ಥಿಗಳನ್ನು ಕಲಿಯಲು ಕಳಿಸುವ ಜಾಗವೂ) ಒಂದೇ ಊರಿನಲ್ಲಿದೆ. ಮನೋರೋಗಕ್ಕೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಹೆರಿಗೆಗೆ ವಾಣಿ ವಿಲಾಸ, ಮಕ್ಕಳ ಕಾಯಿಲೆಗೆ ಇಂದಿರಾ ಗಾಂಧಿ ಸಂಸ್ಥೆ. ಅದೇ ಕಾರಣಕ್ಕೆ ಊರಿನ ಕಾಲೇಜುಗಳೆಲ್ಲ ಅಲ್ಲಿಗೇ ಬರುತ್ತವೆ. ಮೂವತ್ತು ಬೆಡ್ಡಿನ ವಾರ್ಡಿನಲ್ಲಿ ಎರಡು ಮೂರು ಬಣ್ಣದ ಯೂನಿಫಾರಂ ಕಂಡರೆ ಆಶ್ಚರ್ಯವಿಲ್ಲ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬ ಪರಿಷತ್ತಿನ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಇನ್ನೊಂದು ಕಾಲೇಜಿನ ಟ್ಯೂಟರ್ ಜೊತೆ ಮೊದಲೇ ಮಾತಾಡಿಕೊಂಡು ಬೆಡ್ ಸಾಲು ಹಂಚಿಕೊಳ್ಳುವುದನ್ನು ತಯಾರಿಯ ಭಾಗವಾಗಿಯೇ ಕಲಿಸಿ. ಇಲ್ಲದಿದ್ದರೆ ಒಬ್ಬನೇ ರೋಗಿಗೆ ಒಂದೇ ಬೆಳಗ್ಗೆ ಐದು ಸಲ ಬಿ.ಪಿ. ಪಟ್ಟಿ ಬೀಳುತ್ತದೆ, ಆರನೆಯವಳಿಗೆ ಆತ ಬೈದು ಕಳಿಸುತ್ತಾನೆ.

ಎರಡನೇ ವಾರ ಹಿರಿಯ ಟ್ಯೂಟರ್ ಹಿಂದೆ ನಿಂತು ನೋಡುವುದು. ಮೂರನೇ ವಾರ ಮೂರು ನಾಲ್ಕು ಮಕ್ಕಳನ್ನು ಮಾತ್ರ ಕೊಡುವುದು. ನಾಲ್ಕನೇ ವಾರ ಹತ್ತೂ ಮಕ್ಕಳು, ಹಿರಿಯರು ಎರಡು ದಿನ ಬಂದು ಮೂಲೆಯಲ್ಲಿ ನಿಂತು ಬರೆದುಕೊಳ್ಳುವುದು. ಈ ವಾರಗಳಲ್ಲಿ ಅಭ್ಯಾಸ ಆಗಬೇಕಾದ್ದು ಮುಂದಿದೆ.

ಒಂದು ಪ್ರೊಸೀಜರ್ ಹೇಳಿಕೊಡುವುದು: ಬಿ.ಪಿ.ಯನ್ನೇ ತೆಗೆದುಕೊಳ್ಳಿ

ಕೈಕೆಲಸ ಕಲಿಸಲು ಪೇಟನ್ ಎಂಬ ಬ್ರಿಟಿಷ್ ವೈದ್ಯರು 1998ರಲ್ಲಿ ವಿವರಿಸಿದ ನಾಲ್ಕು ಹೆಜ್ಜೆಗಳ ಕ್ರಮ ವಾರ್ಡಿಗೆ ಹೇಳಿ ಮಾಡಿಸಿದಂತಿದೆ.

1. ಬೋಧಕಿ ಮಾತಾಡದೆ, ನಿಜವಾದ ವೇಗದಲ್ಲಿ, ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುವುದು.
2. ಮತ್ತೆ ಮಾಡುವುದು, ಈ ಸಲ ನಿಧಾನವಾಗಿ, ಪ್ರತಿ ಹೆಜ್ಜೆಗೂ ಏನು, ಏಕೆ ಎಂದು ಹೇಳುತ್ತಾ.
3. ವಿದ್ಯಾರ್ಥಿ ಬಾಯಲ್ಲಿ ಹೇಳುವುದು, ಬೋಧಕಿ ಅದರಂತೆ ಮಾಡುವುದು.
4. ವಿದ್ಯಾರ್ಥಿಯೇ ಹೇಳುತ್ತಾ ಮಾಡುವುದು.

ಹೊಸಬರು ಮೂರನೆಯದನ್ನು ಹಾರಿಸುತ್ತಾರೆ, ಹೊತ್ತಿಲ್ಲ ಎಂದು. ಇಡೀ ಕ್ರಮದ ಜೀವ ಇರುವುದು ಅಲ್ಲೇ. ತಲೆಯಲ್ಲಿ ಹೆಜ್ಜೆ ಸರಿಯಾಗಿ ಕೂತಿದೆಯೇ ಎಂಬುದು ರೋಗಿಯ ತೋಳು ಮುಟ್ಟುವ ಮೊದಲೇ ಗೊತ್ತಾಗುತ್ತದೆ. ವಿದ್ಯಾರ್ಥಿ "ಕಫ್ ಕಟ್ಟಿ, ಗಾಳಿ ತುಂಬಿ" ಎಂದರೆ ಬೋಧಕಿ ಅಷ್ಟನ್ನೇ ಮಾಡಬೇಕು, ನಾಡಿ ಹಿಡಿಯಬಾರದು. ಎಲ್ಲಿಯವರೆಗೆ ತುಂಬಲಿ ಎಂದು ಬೋಧಕಿ ಕೇಳಿದಾಗ ವಿದ್ಯಾರ್ಥಿಗೇ ಹೊಳೆಯುತ್ತದೆ, ಒಂದು ಹೆಜ್ಜೆ ಬಿಟ್ಟೆ ಎಂದು. ಮೊದಲ ಮೂರು ಹೆಜ್ಜೆ ಲ್ಯಾಬಿನಲ್ಲಿ ಮುಗಿಸಿ, ನಾಲ್ಕನೆಯದನ್ನು ಮಾತ್ರ ರೋಗಿಯ ಬಳಿ ಇಟ್ಟುಕೊಂಡರೆ 26 ನಿಮಿಷದ ಲೆಕ್ಕವೂ ಸರಿಹೋಗುತ್ತದೆ.

ಬಿ.ಪಿ.ಯಲ್ಲಿ ತಪ್ಪುವ ಜಾಗಗಳನ್ನು ಟ್ಯೂಟರ್ ಬೆರಳ ತುದಿಯಲ್ಲಿಟ್ಟುಕೊಳ್ಳಬೇಕು. ಕಫ್ ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟು ಸುತ್ತಬೇಕು, ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿ.ಪಿ. ಬರುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ನಿಂತ ಜಾಗಕ್ಕಿಂತ 30 ಮಿ.ಮೀ. ಮೇಲಕ್ಕೆ ಹೋಗಬೇಕು. ಇದನ್ನು ಬಿಟ್ಟರೆ ಕೆಲವರಲ್ಲಿ ಶಬ್ದ ನಡುವೆ ಮಾಯವಾಗಿ ಮತ್ತೆ ಬರುವ ಅಂತರ ಸಿಕ್ಕಿ ಸಿಸ್ಟಾಲಿಕ್ (ಮೇಲಿನ ಅಂಕಿ) ಕಡಿಮೆ ಓದುತ್ತದೆ. ಗಾಳಿ ಬಿಡುವುದು ಸೆಕೆಂಡಿಗೆ 2ರಿಂದ 3 ಮಿ.ಮೀ. ಭಯದಲ್ಲಿರುವ ವಿದ್ಯಾರ್ಥಿ ತಿರುಪನ್ನು ಒಮ್ಮೆಲೇ ಬಿಡುತ್ತಾಳೆ, ಮುಳ್ಳು ಜರ್ರನೆ ಇಳಿಯುತ್ತದೆ, ಏನೂ ಕೇಳಿಸಿರುವುದಿಲ್ಲ. ಆಗ ಚಾರ್ಟಿನಲ್ಲಿ 120/80 ಹುಟ್ಟುತ್ತದೆ.

ಈ 120/80 ಬಗ್ಗೆ ಒಂದು ಮಾತು. ಮೇಲಿಂದ ಕೆಳಗೆ ಐದು ಬೆಡ್ಡಿಗೆ 120/80, 110/70, 120/80, 120/80, 130/80 ಎಂದಿದ್ದರೆ ಅದು ಓದಿದ್ದಲ್ಲ, ಬರೆದದ್ದು. ಮುಳ್ಳಿನ ಯಂತ್ರದ ಗೆರೆಗಳು 2 ಮಿ.ಮೀ.ಗೊಂದು ಇರುವುದರಿಂದ 117/73 ಎಂದು ಬರೆದಿದ್ದರೂ ಕೇಳಬೇಕು, ಯಾವ ಯಂತ್ರ ಎಂದು. ಬೈದರೆ ಮಕ್ಕಳು ಮುಂದಿನ ಸಲ 118/76 ಎಂದು ಜಾಣತನದಿಂದ ಬರೆಯಲು ಕಲಿಯುತ್ತಾರೆ, ಅಷ್ಟೇ. ಅದರ ಬದಲು ಎರಡು ಜೊತೆ ಕಿವಿತುದಿ ಇರುವ ಟೀಚಿಂಗ್ ಸ್ಟೆತಸ್ಕೋಪ್ ಕಾಲೇಜಿಗೆ ಒಂದಾದರೂ ಇರಲಿ. ಇಬ್ಬರೂ ಒಟ್ಟಿಗೆ ಕೇಳಿ, ಓದಿದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಆಮೇಲೆ ತೋರಿಸಿಕೊಳ್ಳಿ. 4 ಮಿ.ಮೀ. ಒಳಗೆ ಇದ್ದರೆ ವಿದ್ಯಾರ್ಥಿಯ ಕೆಲಸಗಳನ್ನು ದಾಖಲಿಸುವ ಲಾಗ್‌ಬುಕ್ಕಿಗೆ ಸಹಿ. "ಕೇಳಿಸಲಿಲ್ಲ ಮ್ಯಾಮ್" ಎಂದು ಹೇಳಿದ ಹುಡುಗಿಗೆ ಮೊದಲ ವಾರ ಯಾವ ಶಿಕ್ಷೆಯೂ ಇಲ್ಲ ಎಂದು ಮೊದಲೇ ಸಾರಿರಬೇಕು. ಆ ಮಾತು ಧೈರ್ಯವಾಗಿ ಬಾಯಿಗೆ ಬಂದ ಬ್ಯಾಚಿನಲ್ಲಿ ಸುಳ್ಳು 120/80 ತಾನಾಗಿ ಕಡಿಮೆಯಾಗುತ್ತದೆ.

ಔಷಧ: ಎರಡು ಕಡೆ ನಿಲ್ಲಿಸಿ ನೋಡಿ

ಟ್ಯೂಟರ್ ಮುಂದೆ ಇಲ್ಲದೆ ವಿದ್ಯಾರ್ಥಿ ಯಾವ ಇಂಜೆಕ್ಷನ್ನೂ ಕೊಡಕೂಡದು ಎಂಬ ನಿಯಮ ಎಲ್ಲ ಕಾಲೇಜಿನಲ್ಲೂ ಇದೆ. ಮುಂದೆ ನಿಂತು ಏನು ನೋಡಬೇಕು ಎಂಬುದು ಎಲ್ಲೂ ಬರೆದಿರುವುದಿಲ್ಲ. ಎರಡು ಕಡೆ ನಿಲ್ಲಿಸಬೇಕು: ಔಷಧ ಎಳೆದ ಮೇಲೆ ಟ್ರೇ ಮುಂದೆ ಒಮ್ಮೆ, ರೋಗಿಯ ಪಕ್ಕದಲ್ಲಿ ಒಮ್ಮೆ.

ಟ್ರೇ ಮುಂದೆ ನಿಲ್ಲಿಸುವುದು ಏಕೆ ಎಂಬುದಕ್ಕೆ ಇನ್ಸುಲಿನ್ ಒಂದೇ ಸಾಕು. ನಮ್ಮ ಆಸ್ಪತ್ರೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ವಯಲ್ ಇದೆ, 100 ಯೂನಿಟ್ಟಿನದೂ ಇದೆ. ಸಿರಿಂಜೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಆರ್ಡರ್ 20 ಯೂನಿಟ್. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬಂದದ್ದು 0.2 ಮಿ.ಲೀ., ಅಂದರೆ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ಅದಲುಬದಲಾಗಿ 100ರ ವಯಲ್‌ನಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ 0.5 ಮಿ.ಲೀ., 50 ಯೂನಿಟ್. ರೋಗಿ ಪ್ರಜ್ಞೆ ತಪ್ಪಬಹುದು, ಸಾಯಲೂಬಹುದು. ಎರಡು ಸಲವೂ ಸಿರಿಂಜಿನ ಮೇಲೆ ಕಾಣುವುದು ಅದೇ 20! ಆದ್ದರಿಂದ ಟ್ಯೂಟರ್ ಸಿರಿಂಜ್ ನೋಡಿ ತಲೆಯಾಡಿಸಿದರೆ ಸಾಲದು; ವಯಲ್, ಸಿರಿಂಜಿನ ಮುಚ್ಚಳ, ಆರ್ಡರ್ ಮೂರನ್ನೂ ಪಕ್ಕ ಪಕ್ಕ ಇಟ್ಟು ವಿದ್ಯಾರ್ಥಿಯಿಂದ ಜೋರಾಗಿ ಓದಿಸಬೇಕು. ಮುಚ್ಚಳ ತೆಗೆದು ಎಸೆದ ಮೇಲೆ ಬಣ್ಣದ ಸುಳಿವು ಹೋಗಿರುತ್ತದೆ, ಹಾಗಾಗಿ ಓದಿ ಮುಗಿಯುವವರೆಗೆ ಮುಚ್ಚಳ ಟ್ರೇಯಲ್ಲೇ ಇರಲಿ. ಇನ್ಸುಲಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ಗೆ ಇಬ್ಬರ ಕಣ್ಣು ಕಡ್ಡಾಯ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ವಿದ್ಯಾರ್ಥಿಗಳು ಮುಟ್ಟುವುದೇ ಬೇಡ. ಅದನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ ಎಂಬುದನ್ನು ಮಾತ್ರ ಮೊದಲ ದಿನವೇ ಹೇಳಿ.

ರೋಗಿಯ ಪಕ್ಕದಲ್ಲಿ ನಿಲ್ಲಿಸುವುದು ಹೆಸರಿಗಾಗಿ. ಇಪ್ಪತ್ತು ಬೆಡ್ಡಿನ ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಮಾಮೂಲು. "ನೀವು ಲಕ್ಷ್ಮಮ್ಮಾನಾ?" ಎಂದು ಕೇಳಿದರೆ ಕಿವಿ ಮಂದವಾದ ರತ್ನಮ್ಮನೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿಯಮ್ಮ, ಯಜಮಾನರ ಹೆಸರು?" ಎಂದು ಕೇಳಿ, ಬಂದ ಉತ್ತರವನ್ನು ಕೈಪಟ್ಟಿಗೂ ಕೇಸ್ ಶೀಟಿಗೂ ತಾಳೆ ಹಾಕಬೇಕು. ಬೆಡ್ ನಂಬರನ್ನು ನಂಬುವಂತಿಲ್ಲ. ಫ್ಯಾನ್ ಗಾಳಿ ಬರುತ್ತದೆಂದು ರೋಗಿಗಳು ಬೆಡ್ ಬದಲಿಸಿಕೊಂಡಿರುತ್ತಾರೆ.

ಡ್ರಿಪ್ ಲೆಕ್ಕದಲ್ಲಿ ತಪ್ಪುವುದು ಗಣಿತ ಬಾರದೆ ಅಲ್ಲ. 500 ಮಿ.ಲೀ. ಎಂಟು ಗಂಟೆಯಲ್ಲಿ ಹೋಗಬೇಕು, ಮಿಲಿಲೀಟರಿಗೆ 20 ಹನಿಯ ಸೆಟ್: 500 ಗುಣಿಸು 20, ಭಾಗಿಸು 480, ನಿಮಿಷಕ್ಕೆ 21 ಹನಿ. ಸಣ್ಣ ಹನಿಯ ಮೈಕ್ರೋ ಸೆಟ್ಟಾದರೆ 60 ಹನಿ, ಉತ್ತರ ಸುಮಾರು 63. ಸೆಟ್ಟಿನ ಹನಿ ಎಷ್ಟು ಎಂಬುದು ಅದರ ಕವರಿನ ಮೇಲೆ ಇರುತ್ತದೆ, ಕವರು ರಾತ್ರಿಯೇ ಕಸಕ್ಕೆ ಹೋಗಿರುತ್ತದೆ. ಎಲ್ಲಕ್ಕೂ 20 ಎಂದುಕೊಂಡೇ ವಿದ್ಯಾರ್ಥಿ ಲೆಕ್ಕ ಹಾಕುತ್ತಾಳೆ. ಹನಿ ಎಣಿಸುವುದನ್ನೂ ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಹನಿ ತಪ್ಪಿದ್ದೂ ನಾಲ್ಕಾಗುತ್ತದೆ.

ಮಾತು ತಿಳಿಯದ ವಿದ್ಯಾರ್ಥಿ, ಇಂಗ್ಲಿಷ್ ಬಾರದ ರೋಗಿ

ಬೆಂಗಳೂರಿನ ನರ್ಸಿಂಗ್ ತರಗತಿಯಲ್ಲಿ ಕೇರಳದವರು, ಮಣಿಪುರದವರು, ಬಂಗಾಳದವರು, ನೇಪಾಳದವರು ಎಲ್ಲ ಇರುತ್ತಾರೆ. ಬೆಡ್ಡಿನ ಮೇಲೆ ಮಾಲೂರಿನವರು, ಕನಕಪುರದವರು, ರಾಯಚೂರಿನವರು, ಶಿವಾಜಿನಗರದ ದಖನಿ ಮಾತಾಡುವವರು. ಪಠ್ಯಕ್ರಮದಲ್ಲಿ ಸಂವಹನ ಎಂಬ ಪಾಠ ಇದೆ, ಇಂಗ್ಲಿಷಿನಲ್ಲಿ. ಟ್ಯೂಟರ್ ತಯಾರಿಯಲ್ಲಿ ಅತಿ ಕಡಿಮೆ ಹೊತ್ತು ಕೊಡುವುದು ಇದಕ್ಕೆ, ವಾರ್ಡಿನಲ್ಲಿ ಅತಿ ಹೆಚ್ಚು ಅನಾಹುತ ತರುವುದೂ ಇದೇ ಎಂಬುದು ನಮ್ಮ ಅಭಿಪ್ರಾಯ.

ಹೊಸ ಟ್ಯೂಟರ್ ಕೈಯಲ್ಲಿ ಐವತ್ತು ಮಾತಿನ ಒಂದು ಪಟ್ಟಿ ಮಾಡಿಸಿ, ಪುಸ್ತಕದ ಕನ್ನಡದಲ್ಲಲ್ಲ, ರೋಗಿಗಳು ಆಡುವ ಕನ್ನಡದಲ್ಲಿ. "ಒಂದಕ್ಕೆ ಹೋದ್ರಾ, ಎರಡಕ್ಕೆ ಹೋದ್ರಾ" ಎಂಬುದು ಗೊತ್ತಿಲ್ಲದ ವಿದ್ಯಾರ್ಥಿಯ, ರೋಗಿಯ ಒಳಗೆ ಹೋದದ್ದು ಹೊರಗೆ ಬಂದದ್ದು ಬರೆಯುವ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಬರೀ ಊಹೆ. ನೋವಿನಲ್ಲೇ ಎಷ್ಟು ಬಗೆ: ಚುಚ್ಚುವುದು, ಉರಿಯುವುದು, ಸೆಳೆಯುವುದು, ಹಿಂಡಿದಂತಾಗುವುದು, ಜೋಮು ಹಿಡಿಯುವುದು. "ಸಂಕಟ ಆಗ್ತಿದೆ" ಎಂದರೆ ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಎದೆಯ ಚಡಪಡಿಕೆ. ಹೃದಯದ ವಾರ್ಡಿನಲ್ಲಿ ಆ ಮಾತು ಕೇಳಿದರೆ "ಎಲ್ಲಿ, ಕೈಯಿಟ್ಟು ತೋರಿಸಿ" ಎಂದು ಕೇಳುವುದನ್ನು ಕಲಿಸಬೇಕು. ಹೊಟ್ಟೆಯ ಮೇಲೆ ಕೈ ಹೋದರೂ ಮೈ ಬೆವರುತ್ತಿದ್ದರೆ ಸಿಸ್ಟರನ್ನು ಕೂಡಲೇ ಕರೆಯುವುದು. ಮುಟ್ಟಿನ ದಿನ ಕೇಳುವಾಗ ಹಳ್ಳಿಯ ಹೆಂಗಸು "ಹೊರಗಾಗಿದ್ದು" ಎಂದರೆ ಅದೇ.

ಎಲ್ಲಕ್ಕಿಂತ ಮೋಸ ಮಾಡುವುದು "ಊಟ ಆಯ್ತಾ?" ಎಂಬ ಎರಡು ಪದ. ಮಲಯಾಳಿ ಹುಡುಗಿಯೂ ಮೊದಲ ವಾರದಲ್ಲೇ ಕಲಿತುಬಿಡುತ್ತಾಳೆ. ಆಪರೇಷನ್ನಿಗೆ ಹೋಗುವ ರೋಗಿಯನ್ನು ಹಾಗೆ ಕೇಳಿದರೆ "ಇಲ್ಲಮ್ಮ" ಎನ್ನುತ್ತಾರೆ, ಸತ್ಯವನ್ನೇ ಹೇಳುತ್ತಾರೆ. ಬೆಳಗ್ಗೆ ಕುಡಿದ ಕಾಫಿ, ಎರಡು ಬಿಸ್ಕತ್ತು, ಮಗಳು ತಂದ ಬಾಳೆಹಣ್ಣು ಊಟದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಕೇಳಬೇಕಾದ್ದು "ರಾತ್ರಿಯಿಂದ ಬಾಯಿಗೆ ಏನೇನು ಹಾಕಿದ್ದೀರಿ? ನೀರು, ಕಾಫಿ, ಮಾತ್ರೆ, ಎಲೆಅಡಿಕೆ?" ಎಂದು. ಇನ್ಸುಲಿನ್ ಕೊಡುವ ಮೊದಲೂ ಇದೇ ಎಚ್ಚರ, ತಿರುಗುಮುರುಗಾಗಿ: "ಆಯ್ತು" ಎಂದರೆ ಎಷ್ಟು ಆಯಿತು, ತಟ್ಟೆ ನೋಡಿ.

ಒಪ್ಪಿಗೆಯೂ ಭಾಷೆಯದೇ ವಿಷಯ. ಸರ್ಕಾರಿ ಆಸ್ಪತ್ರೆಯ ರೋಗಿ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಚಿಕಿತ್ಸೆ ಸಿಗಲಾರದೆಂಬ ಅಳುಕು ಅವರಿಗೆ. ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಳ್ಳಬಾರದು. "ಇವರು ಕಲಿಯುತ್ತಿರುವ ಮಗು, ನಾನು ಪಕ್ಕದಲ್ಲೇ ಇರುತ್ತೇನೆ. ಬೇಡ ಅನ್ನಿಸಿದರೆ ಹೇಳಿ, ಸಿಸ್ಟರೇ ಮಾಡುತ್ತಾರೆ, ಏನೂ ತೊಂದರೆ ಇಲ್ಲ" ಎಂದು ಟ್ಯೂಟರೇ ಬಾಯಿಬಿಟ್ಟು ಹೇಳಬೇಕು.

ಬೆಡ್ ಪಕ್ಕದ ಪ್ರಶ್ನೆಗಳು

"ಅರ್ಥ ಆಯ್ತಾ?" ಎಂಬುದನ್ನು ನಿಷೇಧಿಸಿ. ಅದಕ್ಕೆ ಇರುವುದು ಒಂದೇ ಉತ್ತರ. ಪಾಠ ಒಪ್ಪಿಸುವ ಪ್ರಶ್ನೆಗಳೂ (ನ್ಯುಮೋನಿಯಾದ ಕಾರಣಗಳನ್ನು ಹೇಳು) ಬೆಡ್ ಪಕ್ಕದಲ್ಲಿ ಬೇಡ, ಬಸ್ಸಿನಲ್ಲಿ ಕೇಳಿದರೂ ನಡೆದೀತು. ಅಲ್ಲಿ ಕೇಳಬೇಕಾದ್ದು ಆ ರೋಗಿ ಇಲ್ಲದೆ ಕೇಳಲಾಗದ ಪ್ರಶ್ನೆ.

ಅಮೆರಿಕದ ವೈದ್ಯ ಶಿಕ್ಷಕರು 1992ರಲ್ಲಿ ಪ್ರಕಟಿಸಿದ "ಒಂದು ನಿಮಿಷದ ಬೋಧಕ" ಎಂಬ ಐದು ಮೆಟ್ಟಿಲಿನ ಪದ್ಧತಿ ಇದಕ್ಕೆ ಒದಗುತ್ತದೆ. ಉದಾಹರಣೆಗೆ ಆಪರೇಷನ್ ಆದ 60 ಕಿಲೋ ತೂಕದ ರೋಗಿ, ನಾಲ್ಕು ಗಂಟೆಯಲ್ಲಿ ಮೂತ್ರದ ಚೀಲದಲ್ಲಿ 80 ಮಿ.ಲೀ. ವಿದ್ಯಾರ್ಥಿ ಬಂದು "ಮ್ಯಾಮ್, ಯೂರಿನ್ ಕಡಿಮೆ" ಎಂದಳು. ಮೊದಲು ಅವಳನ್ನು ಒಂದು ನಿಲುವಿಗೆ ತನ್ನಿ: ಏನಾಗಿರಬಹುದು ಅಂತ ನಿನಗನ್ನಿಸುತ್ತದೆ? "ಡ್ರಿಪ್ ಸಾಕಷ್ಟು ಹೋಗಿಲ್ಲ." ಆಮೇಲೆ ಆಧಾರ: ಏನು ನೋಡಿ ಹಾಗೆ ಹೇಳಿದೆ? ಮೂರನೆಯದು ಎಲ್ಲಿಗೂ ಹೊಂದುವ ಒಂದೇ ಒಂದು ನಿಯಮ: ದೊಡ್ಡವರಲ್ಲಿ ಗಂಟೆಗೆ ಕಿಲೋಗೆ ಅರ್ಧ ಮಿ.ಲೀ.ಯಾದರೂ ಬರಬೇಕು, ಇವರಿಗೆ ನಾಲ್ಕು ಗಂಟೆಗೆ 120. ಕಡಿಮೆಯಿದ್ದರೆ ಡಾಕ್ಟರಿಗೆ ಫೋನ್ ಮಾಡುವ ಮೊದಲು ಕ್ಯಾಥೆಟರ್ ಟ್ಯೂಬ್ ಮಡಿಚಿಕೊಂಡಿದೆಯೇ, ರೋಗಿಯ ತೊಡೆ ಕೆಳಗೆ ಸಿಕ್ಕಿದೆಯೇ ನೋಡು. ನಾಲ್ಕು: ಚಾರ್ಟ್ ಮುಗಿಯುವವರೆಗೆ ಕಾಯದೆ ಬಂದು ಹೇಳಿದ್ದು ಸರಿ ಎನ್ನುವುದು. ಐದು: ಟ್ಯೂಬ್ ನೋಡದೆ ಬಂದದ್ದನ್ನು ತಿದ್ದುವುದು. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತೆಂದೇ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುವುದು ಹೊಸ ಟ್ಯೂಟರ್‌ಗೆ ಅತ್ಯಂತ ಕಷ್ಟದ ಅಭ್ಯಾಸ. ಮೌನ ತಾಳಲಾರದೆ ತಾವೇ ಉತ್ತರ ಹೇಳಿಬಿಡುತ್ತಾರೆ, ಮಕ್ಕಳೂ ಕಾದರೆ ಸಾಕು ಎಂದು ಕಲಿತುಬಿಡುತ್ತಾರೆ.

ತಿದ್ದುವ ಮಾತು ರೋಗಿಯ ಕಿವಿಗೆ ಬೀಳಬಾರದು. ಅಪಾಯ ಇದ್ದರೆ ಕೈ ಹಿಡಿದು "ಒಂದು ನಿಮಿಷ, ನಾನು ಮಾಡುತ್ತೇನೆ" ಎಂದಷ್ಟೇ. ಕಾರಿಡಾರಿಗೆ ಬಂದ ಮೇಲೆ ಕಂಡದ್ದನ್ನು ಹೇಳಬೇಕು, ಗುಣವನ್ನಲ್ಲ. "ನಿನಗೆ ಅಸೆಪ್ಸಿಸ್ ಅಂದರೇನು ಗೊತ್ತೇ ಇಲ್ಲ" ಎಂದರೆ (ಅಸೆಪ್ಸಿಸ್ ಅಂದರೆ ರೋಗಾಣು ತಗಲದಂತೆ ಕೆಲಸ ಮಾಡುವುದು) ಅವಳು ಅಳುತ್ತಾಳೆ, ಕಲಿಯುವುದಿಲ್ಲ. "ಗ್ಲೌಸ್ ಹಾಕಿದ ಮೇಲೆ ಎಡಗೈಯಲ್ಲಿ ಮಂಚದ ಕಂಬಿ ಹಿಡಿದೆ, ಅದೇ ಕೈಯಲ್ಲಿ ಗಾಜ್ ತೆಗೆದೆ" ಎಂದರೆ ನಾಳೆ ಕಂಬಿ ಹಿಡಿಯುವುದಿಲ್ಲ. ಕೈ ತೊಳೆಯುವುದನ್ನು ಮಾತ್ರ ಹೇಳಿ ತಿದ್ದಲಾಗದು. ಸೋಪಿನಲ್ಲಾದರೆ 40ರಿಂದ 60 ಸೆಕೆಂಡ್, ಆಲ್ಕೋಹಾಲ್ ರಬ್‌ನಲ್ಲಾದರೆ 20ರಿಂದ 30. ಟ್ಯೂಟರ್ ಬೆಡ್ಡಿನಿಂದ ಬೆಡ್ಡಿಗೆ ಹೋಗುವಾಗ ಮಾಡದಿದ್ದರೆ ಮಕ್ಕಳೂ ಮಾಡುವುದಿಲ್ಲ.

ಸೂಜಿ ಚುಚ್ಚಿದಾಗ

ತಯಾರಿಯಲ್ಲಿ ಇದನ್ನು ನಾಟಕದಂತೆ ಆಡಿಸಿ, ಗಡಿಯಾರ ಹಿಡಿದು. ವಿದ್ಯಾರ್ಥಿಯ ಬೆರಳಿಗೆ ಬಳಸಿದ ಸೂಜಿ ಚುಚ್ಚಿದೆ. ಹರಿಯುವ ನೀರು, ಸೋಪು. ಹಿಂಡಬಾರದು, ಬಾಯಲ್ಲಿಟ್ಟುಕೊಳ್ಳಬಾರದು, ಸ್ಪಿರಿಟ್ ಬ್ಲೀಚ್ ಸುರಿಯಬಾರದು. ಕೂಡಲೇ ಇನ್‌ಚಾರ್ಜ್ ಸಿಸ್ಟರ್, ಅಲ್ಲಿಂದ ಕ್ಯಾಶುವಾಲ್ಟಿ. ರೋಗಿಯ ಎಚ್.ಐ.ವಿ., ಹೆಪಟೈಟಿಸ್ ಬಿ, ಸಿ ಸ್ಥಿತಿ ತಿಳಿಯಬೇಕು. ಎಚ್.ಐ.ವಿ. ತಡೆಯುವ ಔಷಧ ಬೇಕೆಂದಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಕೋರ್ಸ್ 28 ದಿನ. ಆಮೇಲೆ ಲಿಖಿತ ವರದಿ.

ಇಲ್ಲಿ ತಡವಾಗುವುದು ಔಷಧದಿಂದಲ್ಲ, ಭಯದಿಂದ. ಬೈಗುಳಕ್ಕೆ ಹೆದರಿ ವಿದ್ಯಾರ್ಥಿ ಹಾಸ್ಟೆಲಿಗೆ ಹೋಗಿ ರಾತ್ರಿ ಗೆಳತಿಗೆ ಹೇಳುತ್ತಾಳೆ. ಆದ್ದರಿಂದ ಮೊದಲ ದಿನದ ಓರಿಯೆಂಟೇಷನ್ನಿನಲ್ಲೇ "ಚುಚ್ಚಿದರೆ ಕೆಲಸ ಅಲ್ಲೇ ಬಿಟ್ಟು ನನ್ನ ಬಳಿ ಬಾ, ಮಿಕ್ಕದ್ದು ಆಮೇಲೆ" ಎಂದು ಟ್ಯೂಟರ್ ಹೇಳಿರಬೇಕು. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್. ಸೇರಿದ ಎರಡನೇ ತಿಂಗಳಲ್ಲಿ ಪೋಸ್ಟಿಂಗ್ ಬಂದರೆ ಮೂರನೆಯದು ಆಗಿರುವುದೇ ಇಲ್ಲ. ಲಸಿಕೆಯ ಪಟ್ಟಿ ಟ್ಯೂಟರ್ ಕೈಯಲ್ಲಿರಲಿ, ಡೋಸ್ ಬಾಕಿ ಇರುವವರನ್ನು ಸೂಜಿಯ ಕೆಲಸಕ್ಕೆ ಹಚ್ಚಬೇಡಿ.

ತಲೆಸುತ್ತಿ ಬೀಳುವವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಐದೂವರೆಗೆ ಹಾಸ್ಟೆಲಿಂದ ಹೊರಟು ತಿಂಡಿ ತಿನ್ನದೆ ಡ್ರೆಸ್ಸಿಂಗ್ ನೋಡಲು ನಿಂತರೆ ಇನ್ನೇನಾದೀತು. ತಿಂಡಿ ತಿಂದಿರಾ ಎಂದು ಮೊದಲೇ ಕೇಳಿ, ಗೋಡೆಗೆ ಒರಗಿ ನಿಲ್ಲಿಸಿ.

ಕೊನೆಯ ಅರ್ಧ ಗಂಟೆ, ಮತ್ತು ಸಹಿ

ದಿನದ ಕೊನೆಯ ಚರ್ಚೆ (ಪೋಸ್ಟ್ ಕಾನ್ಫರೆನ್ಸ್) ಎಂದರೆ ಹತ್ತು ಜನ ಹತ್ತು ಕೇಸ್ ಓದುವುದಲ್ಲ. ಒಬ್ಬ ರೋಗಿ, ಒಂದು ಗೊಂದಲ. ಟ್ಯೂಟರ್ ಬೆಳಗ್ಗೆಯೇ ಅದನ್ನು ಆರಿಸಿಟ್ಟುಕೊಂಡಿರಬೇಕು: ಈಗ ಹೇಳಿದ ಮೂತ್ರದ ಚೀಲವೇ ಸಾಕು. ನೋಡಿದವಳು ಕಂಡದ್ದು ಹೇಳಲಿ, ಉಳಿದವರು ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಹೇಳಲಿ. ರೋಗಿಯ ಹೆಸರು ವಾರ್ಡಿನ ಹೊರಗೆ ಬರಬಾರದು. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಕೇಸಿನ ಮಾತು ಬೇಡ. ಗಾಯದ ಫೋಟೋ ಅಂತೂ ಬೇಡವೇ ಬೇಡ.

ಕಲಿಸುವ ದಿನ, ಅಂಕ ಕೊಡುವ ದಿನ ಬೇರೆ ಇರಲಿ, ಮತ್ತು ಯಾವುದು ಯಾವುದೆಂದು ಮಕ್ಕಳಿಗೆ ಗೊತ್ತಿರಲಿ. ಅಂಕಕ್ಕೆ ಓಸ್ಕಿ (OSCE) ಎಂಬ ಪರೀಕ್ಷೆ ಇದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡೆನ್ ರೂಪಿಸಿದ, ಒಂದೊಂದು ಕಡೆ ಒಂದೊಂದು ಕೆಲಸ ಮಾಡಿಸುವ ಸ್ಟೇಷನ್ ಪದ್ಧತಿ, ಎಲ್ಲರಿಗೂ ಒಂದೇ ಕೆಲಸ, ಒಂದೇ ಚೆಕ್‌ಲಿಸ್ಟ್. ಪ್ರತಿದಿನವೂ ಪರೀಕ್ಷೆ ಎನಿಸಿದರೆ ವಿದ್ಯಾರ್ಥಿ ಗೊತ್ತಿಲ್ಲದ್ದನ್ನು ಮುಚ್ಚಿಡುತ್ತಾಳೆ. ಲಾಗ್‌ಬುಕ್ಕಿನ ಸಹಿಯನ್ನು ಸೆಮಿಸ್ಟರ್ ಕೊನೆಗೆ ಕಟ್ಟುಕಟ್ಟಾಗಿ ಹಾಕುವ ಪದ್ಧತಿಯನ್ನು ಮೊದಲ ವಾರದಲ್ಲೇ ಮುರಿಯಬೇಕು. ನೋಡಿದಳು, ಸಹಾಯದೊಂದಿಗೆ ಮಾಡಿದಳು, ತಾನೇ ಮಾಡಿದಳು: ಮೂರರಲ್ಲಿ ಯಾವುದೆಂದು ಅದೇ ದಿನ, ಅದೇ ವಾರ್ಡಿನಲ್ಲಿ.

ನಾಲ್ಕನೇ ವಾರ ಮೂಲೆಯಲ್ಲಿ ನಿಂತ ಹಿರಿಯರ ಚೀಟಿಯಲ್ಲಿ ಇಷ್ಟು ಸಾಕು: ಟ್ಯೂಟರ್ ಎಷ್ಟು ಮಕ್ಕಳ ಕೈಕೆಲಸ ಕಣ್ಣಾರೆ ನೋಡಿದರು; ಎಷ್ಟು ಪ್ರಶ್ನೆ ಕೇಳಿದರು, ಅದರಲ್ಲಿ ಎಷ್ಟಕ್ಕೆ ತಾವೇ ಉತ್ತರ ಹೇಳಿದರು; ರೋಗಿಯ ಎದುರು ಯಾರನ್ನಾದರೂ ಗದರಿದರೇ; ವಿದ್ಯಾರ್ಥಿ ಮಾಡಬೇಕಿದ್ದ ಕೆಲಸವನ್ನು ತಾವೇ ಕಿತ್ತುಕೊಂಡು ಮಾಡಿದ್ದು ಎಷ್ಟು ಸಲ. ಕೊನೆಯ ಅಂಕಿ ಮೊದಲ ದಿನ ಯಾವಾಗಲೂ ದೊಡ್ಡದಿರುತ್ತದೆ. ಒಳ್ಳೆಯ ಸಿಸ್ಟರ್ ಆಗಿದ್ದವರಲ್ಲಿ ಇನ್ನೂ ದೊಡ್ಡದು. ಚೀಟಿಯನ್ನು ಅದೇ ಮಧ್ಯಾಹ್ನ ಟೀ ಕುಡಿಯುತ್ತಾ ಓದಿ ಹೇಳಿ, ಮೂರು ದಿನ ಬಿಟ್ಟು ಎರಡನೇ ಸಲ ಬಂದು ನಿಲ್ಲಿ. ಅಂಕಿ ಅರ್ಧಕ್ಕೆ ಇಳಿದಿದ್ದರೆ ಹತ್ತು ಮಕ್ಕಳನ್ನು ಒಪ್ಪಿಸಬಹುದು. ಇಳಿಯದಿದ್ದರೆ ಇನ್ನೊಂದು ವಾರ ನಾಲ್ಕೇ ಮಕ್ಕಳು.